ಮೀನಿನ ಹಿಂಡು

ಮೀನುಗಳು ಒಂದನ್ನೊಂದು ಗಮನಿಸುತ್ತ, ಜೊತೆ ಬಿಡದೆ, ಒಟ್ಟಾಗಿ ಈಜುವ ನಡವಳಿಕೆ. ಇದುವರೆಗೆ ಹೆಸರಿಸಲಾದ ಮೀನಿನ ಪ್ರಭೇದಗಳು 30,000ಕ್ಕೂ ಹೆಚ್ಚು. ಅವುಗಳಲ್ಲಿ ಕಾಲುಭಾಗದಷ್ಟು ಜೀವಮಾನವಿಡೀ ಹಿಂಡಿನಲ್ಲೇ ಕಳೆಯುತ್ತವೆ. ಹೆಚ್ಚುಕಡಿಮೆ ಅರ್ಧದಷ್ಟು ಪ್ರಭೇದಗಳು ಬದುಕಿನ ಯಾವುದಾದರೊಂದು ಹಂತದಲ್ಲಿ, ಅದರಲ್ಲೂ ಮರಿಗಳಾಗಿದ್ದಾಗ, ಹಿಂಡು ಕಟ್ಟುತ್ತವೆ ಎಂಬುದು ತಜ್ಞರ ಅಂದಾಜು. ಬೂತಾಯಿ, ಬಂಗುಡೆ, ಹೆರಿಂಗ್, ಆಂಚೊವಿ, ಟ್ಯೂನಾ ಮೊದಲಾಗಿ ಜಗತ್ತಿನ ಮೀನುಗಾರಿಕೆ ನೆಚ್ಚಿಕೊಂಡಿರುವ ಹೆಸರುಗಳಲ್ಲಿ ಬಹುಪಾಲು ಹಿಂಡಿನ ಮೀನುಗಳೇ. ಇಂಥ ಹಿಂಡಿಗೆ ನಾಯಕನಿಲ್ಲ, ಅಪ್ಪಣೆ ಕೊಡುವವರಿಲ್ಲ. ಪ್ರತಿಯೊಂದು ಮೀನೂ ತನ್ನ ಜೀವ ಉಳಿಸಿಕೊಳ್ಳಲು ಮಾಡುವ ಸಣ್ಣ ಹೊಂದಾಣಿಕೆಗಳೇ ಒಟ್ಟುಗೂಡಿ ಲಕ್ಷಾಂತರ ದೇಹಗಳ ಒಂದು ನಡೆಯಾಗುತ್ತವೆ. ನಿಸರ್ಗದ ಬೇಟೆಗಾರರ ಎದುರು ಈ ಒಗ್ಗಟ್ಟು ಮೀನನ್ನು ಕಾಪಾಡಿಕೊಂಡು ಬಂದಿದೆ. ಮನುಷ್ಯನ ಬಲೆಗೆ ಅದನ್ನು ಸುಲಭವಾಗಿ ಒಪ್ಪಿಸಿರುವುದೂ ಅದೇ ಒಗ್ಗಟ್ಟು.

ಮೀನು ಗುಂಪಾಗಿ ಕಂಡದ್ದೆಲ್ಲ ಹಿಂಡಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಎರಚಿದರೆ ದೊಡ್ಡ ದೊಡ್ಡ ಮೀನುಗಳು ಮೈಮೇಲೆ ಮೈ ಹಾಕಿ ನುಗ್ಗಿ ಬರುತ್ತವೆ. ಆ ನೂಕುನುಗ್ಗಲು ಆಹಾರಕ್ಕಾಗಿ ನೆರೆದದ್ದು, ಆಹಾರ ಮುಗಿದರೆ ಚದುರುತ್ತದೆ. ಇದು ಬರಿಯ ಜಮಾವಣೆ. ಒಂದೇ ಜಾತಿಯ ಮೀನುಗಳು ಬೇರೆ ಯಾವ ಆಮಿಷವೂ ಇಲ್ಲದೆ, ಪರಸ್ಪರರ ಸಂಗಕ್ಕಾಗಿಯೇ ಹತ್ತಿರ ಉಳಿದರೆ ಅದು ಹಿಂಡು. ಅಂಥ ಹಿಂಡಿನ ಮೀನುಗಳೆಲ್ಲ ಒಂದೇ ದಿಕ್ಕಿಗೆ ಮುಖಮಾಡಿ, ಒಂದೇ ವೇಗದಲ್ಲಿ, ನಡುವಣ ಅಂತರ ಕಾಯ್ದುಕೊಂಡು ಸಾಗಿದಾಗ ಅದನ್ನು ಶಿಸ್ತಿನ ಹಿಂಡು ಎನ್ನಬಹುದು. ಬೂತಾಯಿಯಂಥ ಮೀನು ಹಗಲಿಡೀ ಶಿಸ್ತಿನಲ್ಲಿ ಈಜಿ, ಕತ್ತಲಾದ ಮೇಲೆ ಸಡಿಲಗೊಂಡು, ಬೆಳಗಾಗುತ್ತಲೇ ಮತ್ತೆ ಸಾಲುಗೂಡುವುದುಂಟು. ಹೆರಿಂಗ್ ಮತ್ತು ಟ್ಯೂನಾಗಳಿಗೆ ಹಿಂಡು ಬಿಟ್ಟರೆ ಬದುಕೇ ಇಲ್ಲ, ಒಂಟಿಯಾದರೆ ಅವು ಗಾಬರಿಗೊಳ್ಳುತ್ತವೆ. ಕಾಡ್ ಮತ್ತು ಸೇತ್ ಮೀನುಗಳು ಬೇಕಾದಾಗ ಕೂಡಿ, ಬೇಡವಾದಾಗ ಬಿಡುತ್ತವೆ.

ನಮ್ಮ ಕೆರೆಗಳಲ್ಲೇ ಮರಿಹಿಂಡಿನ ಒಳ್ಳೆಯ ಉದಾಹರಣೆ ಸಿಗುತ್ತದೆ. ಕೊರವ ಮೀನಿನ ಕೆಂಪುಛಾಯೆಯ ಮರಿಗಳು ಒತ್ತೊತ್ತಾಗಿ ಸೇರಿ ಗಾಳಿ ಹೀರಲು ಮೇಲೆ ಬರುತ್ತವೆ, ಒಟ್ಟಿಗೇ ಕೆಳಗಿಳಿಯುತ್ತವೆ. ಅವುಗಳ ಅಡಿಯಲ್ಲೇ ತಾಯಿ ಅಥವಾ ತಂದೆ ಕಾವಲಿರುತ್ತದೆ. ಮರಿಗಳು ದೊಡ್ಡವಾದಂತೆ ಹಿಂಡು ಒಡೆಯುತ್ತದೆ. ಬೆಳೆದ ಕೊರವ ಹೊಂಚುಹಾಕಿ ಬೇಟೆಯಾಡುವ ಮೀನು, ಅದಕ್ಕೆ ಸಂಗಾತಿಗಳು ಬೇಕಿಲ್ಲ.

ಹಿಂಡು ಕಟ್ಟುವುದನ್ನು ಮೀನು ಹುಟ್ಟುತ್ತಲೇ ತಂದಿರುತ್ತದೆಯೇ? 1960ರ ಆಸುಪಾಸಿನಲ್ಲಿ ಅಮೆರಿಕದ ಈವ್ಲಿನ್ ಶಾ ಸಿಲ್ವರ್‌ಸೈಡ್ ಎಂಬ ಪುಟ್ಟ ಮೀನಿನ ಮರಿಗಳನ್ನು ದಿನದಿನವೂ ಗಮನಿಸಿ ಇದಕ್ಕೆ ಉತ್ತರ ಹುಡುಕಿದರು. 5ರಿಂದ 7 ಮಿಲಿಮೀಟರ್ ಉದ್ದದ ಮರಿ ಇನ್ನೊಂದು ಮರಿಯ ಹತ್ತಿರ ಹೋಗುತ್ತದೆ, ಆದರೆ ತಕ್ಷಣ ಬೆದರಿ ದೂರ ಹಾರುತ್ತದೆ. ಇನ್ನಷ್ಟು ಬೆಳೆದ ಮೇಲೆ ಎರಡೂ ಅರೆಕ್ಷಣ ಪಕ್ಕಪಕ್ಕದಲ್ಲಿ ಈಜಿ ಬೇರ್ಪಡುತ್ತವೆ. 11ರಿಂದ 12 ಮಿಲಿಮೀಟರ್ ತಲುಪುವ ಹೊತ್ತಿಗೆ ಒಂದರ ಬಾಲದ ಹಿಂದೆ ಇನ್ನೊಂದು ಸರಿಯಾಗಿ ನಿಂತು, ಸಾಲು ಹಿಡಿದು, ಹಿಂಡು ನೆಲೆಗೊಳ್ಳುತ್ತದೆ. ಒಲವು ಹುಟ್ಟಿನಿಂದ ಬಂದದ್ದು, ಹದ ಬರುವುದು ಕಣ್ಣು, ನರ, ಸ್ನಾಯುಗಳು ಬಲಿತಂತೆ. ಯಾರ ಜೊತೆ ಸೇರಬೇಕೆಂಬುದರಲ್ಲಿ ಮಾತ್ರ ಕಲಿಕೆಗೆ ದೊಡ್ಡ ಪಾತ್ರವಿದೆ. ನಮ್ಮ ಉಪಖಂಡದ ಜೀಬ್ರಾ ಮೀನನ್ನು ಬೇರೆ ಮೈಬಣ್ಣದ ಮೀನುಗಳ ನಡುವೆ ಬೆಳೆಸಿದರೆ, ದೊಡ್ಡದಾದ ಮೇಲೆ ಅದು ಆ ಬಣ್ಣದ ಗುಂಪನ್ನೇ ಅರಸುತ್ತದೆ.

ಕಣ್ಣು ಮತ್ತು ಪಾರ್ಶ್ವರೇಖೆ

ಹಿಂಡಿನಲ್ಲಿ ಸ್ಥಾನ ಕಾಯ್ದುಕೊಳ್ಳಲು ಮೀನು ಮುಖ್ಯವಾಗಿ ಎರಡು ಇಂದ್ರಿಯಗಳನ್ನು ನಂಬುತ್ತದೆ. ಒಂದು ಕಣ್ಣು. ಹಿಂಡಿನ ಮೀನುಗಳ ಕಣ್ಣು ತಲೆಯ ಎರಡೂ ಪಕ್ಕದಲ್ಲಿರುವುದರಿಂದ ಅಕ್ಕಪಕ್ಕದವರು ಸದಾ ನೋಟದಲ್ಲಿರುತ್ತಾರೆ. ಬೆಳ್ಳಿಹೊಳಪಿನ ಹುರುಪೆ, ಮೈಯುದ್ದದ ಪಟ್ಟೆ, ಬಾಲದ ಕಪ್ಪು ಚುಕ್ಕೆಗಳು ಪಕ್ಕದ ಮೀನು ಯಾವ ಕಡೆ ಹೊರಳಿತೆಂಬುದನ್ನು ಥಟ್ಟನೆ ತಿಳಿಸುತ್ತವೆ. ಇನ್ನೊಂದು ಪಾರ್ಶ್ವರೇಖೆ. ಚರ್ಮದಡಿಯ ಸಣ್ಣ ಕೊಳವೆ, ಅದಕ್ಕೆ ಸಾಲು ರಂಧ್ರಗಳು, ಒಳಗೆ ಲೋಳೆಯ ಟೋಪಿ ಹೊತ್ತ ರೋಮಕೋಶಗಳು. ಪಕ್ಕದ ಮೀನು ಬಾಲ ಬೀಸಿದಾಗ ನೀರು ಮಿಸುಕುತ್ತದೆ, ಟೋಪಿ ಬಾಗುತ್ತದೆ, ನರಕ್ಕೆ ಸುದ್ದಿ ಮುಟ್ಟುತ್ತದೆ.

ಮೀನಿನ ಬುಟ್ಟಿಯಲ್ಲೇ ಇದನ್ನು ಪರೀಕ್ಷಿಸಬಹುದು. ಬಂಗುಡೆಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿದರೆ ಕಿವಿರಿನ ಹಿಂದಿನಿಂದ ಬಾಲದವರೆಗೆ ಸಣ್ಣ ಗೆರೆ ಕಾಣುತ್ತದೆ. ಬೂತಾಯಿಯಲ್ಲಿ ಎಷ್ಟು ಹುಡುಕಿದರೂ ಆ ಗೆರೆ ಸಿಗದು. ಹೆರಿಂಗ್ ಬಳಗದ ಮೀನುಗಳಂತೆ ಬೂತಾಯಿಗೂ ಮೈಮೇಲೆ ಪಾರ್ಶ್ವರೇಖೆ ಇಲ್ಲ. ಅದರ ಕೊಳವೆಗಳೆಲ್ಲ ತಲೆಯಲ್ಲಿ, ಕಿವಿರುಮುಚ್ಚಳದ ಮೇಲೆ ಬಳ್ಳಿಯಂತೆ ಕವಲೊಡೆದು ಹರಡಿವೆ. ಗಾಳಿಚೀಲದಿಂದ ಹೊರಟ ಎಳೆಗಳು ಒಳಗಿವಿಯವರೆಗೂ ಬಂದು ಈ ಕೊಳವೆಗಳೊಡನೆ ಸಂಬಂಧ ಬೆಳೆಸಿವೆ. ಮೈಮೇಲಿನ ಗೆರೆ ಇಲ್ಲದ ಈ ಬಳಗವೇ ಜಗತ್ತಿನ ಅತಿ ದೊಡ್ಡ ಹಿಂಡುಗಳನ್ನು ಕಟ್ಟುತ್ತದೆ ಎಂಬುದು ಗಮನಿಸಬೇಕಾದ ಸಂಗತಿ.

ಎರಡರಲ್ಲಿ ಯಾವುದು ಮುಖ್ಯವೆಂಬ ಚರ್ಚೆಗೆ 1976ರಲ್ಲಿ ಟೋನಿ ಪಿಚರ್, ಬ್ರಯಾನ್ ಪಾರ್ಟ್ರಿಜ್ ಮತ್ತು ವಾರ್ಡಲ್ ಅವರ ಪ್ರಯೋಗ ತಿರುವು ಕೊಟ್ಟಿತು. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಉಂಗುರಾಕಾರದ ದೊಡ್ಡ ತೊಟ್ಟಿಯಲ್ಲಿ ಈಜುತ್ತಿದ್ದ ಸೇತ್ ಮೀನುಗಳ ನಡುವೆ ತಾತ್ಕಾಲಿಕವಾಗಿ ಕಣ್ಣುಮುಚ್ಚಿದ ಮೀನುಗಳನ್ನು ಅವರು ಬಿಟ್ಟರು. ಕುರುಡು ಮೀನು ಹಿಂಡಿನ ಜೊತೆಗೇ ಈಜಿತು! ಪಾರ್ಶ್ವರೇಖೆಯ ನರ ಕತ್ತರಿಸಿದ ಮೀನು ಕೂಡ ಕಣ್ಣಿನ ಬಲದಿಂದ ಹಿಂಡು ಬಿಡಲಿಲ್ಲ. ಮುಂದಿನ ಅಧ್ಯಯನಗಳಿಂದ ತಿಳಿದದ್ದಿಷ್ಟು: ನೆರೆಯವನಿಂದ ಎಷ್ಟು ದೂರ, ಯಾವ ಕೋನದಲ್ಲಿ ಇರಬೇಕೆಂಬುದನ್ನು ಹೆಚ್ಚಾಗಿ ಕಣ್ಣು ಹೇಳುತ್ತದೆ. ಅವನ ವೇಗ ಮತ್ತು ದಿಕ್ಕನ್ನು ಪಾರ್ಶ್ವರೇಖೆ ಅಳೆಯುತ್ತದೆ. ಮೆಕ್ಸಿಕೊದ ಗುಹೆಗಳ ಕತ್ತಲಲ್ಲಿ ತಲೆಮಾರುಗಟ್ಟಲೆ ಬದುಕಿ ಕಣ್ಣು ಕಳೆದುಕೊಂಡ ಮೀನುಗಳು ಹಿಂಡು ಕಟ್ಟುವುದನ್ನೇ ಬಿಟ್ಟಿವೆ. ಅದೇ ಜಾತಿಯ, ಹೊರಗಿನ ಹೊಳೆಗಳಲ್ಲಿರುವ ಕಣ್ಣುಳ್ಳ ಮೀನುಗಳು ಇಂದಿಗೂ ಹಿಂಡಿನಲ್ಲೇ ಇವೆ. ವಾಸನೆಗೂ ಪಾಲುಂಟು. ಮಿನ್ನೊ ಎಂಬ ಮೀನಿನ ಚರ್ಮ ಗಾಯಗೊಂಡಾಗ ನೀರಿಗೆ ಬಿಡುಗಡೆಯಾಗುವ ಭಯದ್ರವ್ಯವನ್ನು ಕಾರ್ಲ್ ಫಾನ್ ಫ್ರಿಷ್ 1938ರಲ್ಲಿ ವಿವರಿಸಿದರು. ಅದರ ವಾಸನೆ ತಾಗಿದರೆ ಸಾಕು, ಉಳಿದ ಮೀನುಗಳು ಒತ್ತಾಗಿ ಸೇರಿ ಸರಿದುಹೋಗುತ್ತವೆ.

ಸರಳ ನಿಯಮಗಳು

ಇಷ್ಟು ಮೀನುಗಳು ಢಿಕ್ಕಿ ಹೊಡೆಯದೆ ಒಂದೇ ಸಲಕ್ಕೆ ತಿರುಗುವುದು ಹೇಗೆ? 1982ರಲ್ಲಿ ಜಪಾನಿನ ಅವೊಕಿ ಕಂಪ್ಯೂಟರಿನಲ್ಲಿ ಮೀನುಗಳ ಮಾದರಿ ಕಟ್ಟಿ, ನೆರೆಯವರನ್ನಷ್ಟೇ ನೋಡಿ ನಡೆಯುವ ಸದಸ್ಯರಿಂದಲೂ ಹಿಂಡು ಮೂಡುತ್ತದೆ ಎಂದು ತೋರಿಸಿದರು. 1987ರಲ್ಲಿ ಕ್ರೇಗ್ ರೆನಾಲ್ಡ್ಸ್ ಹಕ್ಕಿಗಳ ಹಾರಾಟವನ್ನು ಚಿತ್ರಿಸಲು ಇಂಥದೇ ಮೂರು ನಿಯಮಗಳನ್ನು ಬಳಸಿದರು: ತೀರಾ ಹತ್ತಿರ ಬಂದವರಿಂದ ಸರಿ, ಪಕ್ಕದವರ ದಿಕ್ಕಿಗೆ ಹೊರಳು, ದೂರವಾದರೆ ಗುಂಪಿನ ಕಡೆ ಬಾ. 2002ರಲ್ಲಿ ಇಯಾನ್ ಕಝಿನ್ ಮತ್ತು ಸಂಗಡಿಗರು ಇಂಥ ನಿಯಮಗಳ ಅಳತೆಗಳನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ ನೋಡಿದರು. ಪಕ್ಕದವರ ದಿಕ್ಕಿಗೆ ಎಷ್ಟು ದೂರದವರೆಗೆ ಗಮನ ಕೊಡಬೇಕೆಂಬ ಒಂದೇ ಅಳತೆ ಬದಲಾದರೆ ಸಾಕು, ಗೊಂದಲದ ಗುಂಪು ಗಾಣದಂತೆ ಸುತ್ತುವ ಚಕ್ರವಾಗುತ್ತದೆ, ಚಕ್ರ ನೇರ ಸಾಗುವ ಸಾಲಾಗುತ್ತದೆ. ಕಡಲಿನಲ್ಲಿ ಡೈವರ್‌ಗಳು ಕಾಣುವ ಬರಕುಡ ಮತ್ತು ಜ್ಯಾಕ್ ಮೀನುಗಳ ಸುಳಿಗಳೂ ಇದೇ ಆಕಾರದವು.

ಮಾದರಿ ಮೀನಿನಂತೆ ಕಂಡಿತೆಂದ ಮಾತ್ರಕ್ಕೆ ಮೀನು ಅದೇ ನಿಯಮ ಪಾಲಿಸುತ್ತದೆ ಎನ್ನಲಾಗದು. ಈ ಎಚ್ಚರ ಬಹುಕಾಲ ಕಡಿಮೆಯಿತ್ತು. 2011ರಲ್ಲಿ ನಿಜವಾದ ಸೊಳ್ಳೆಮೀನುಗಳ ಚಲನೆಯನ್ನು ವಿಡಿಯೊದಲ್ಲಿ ಹಿಡಿದು ಲೆಕ್ಕ ಹಾಕಿದಾಗ, ಅವು ಪಕ್ಕದವರ ದಿಕ್ಕನ್ನು ನಕಲು ಮಾಡುವ ಪ್ರತ್ಯೇಕ ನಿಯಮ ಪಾಲಿಸುವ ಗುರುತೇ ಸಿಗಲಿಲ್ಲ. ಮುಂದಿನವನು ದೂರವಾದರೆ ವೇಗ ಹೆಚ್ಚಿಸು, ಹತ್ತಿರವಾದರೆ ತಗ್ಗಿಸು ಎಂಬುದೇ ಎದ್ದು ಕಂಡಿತು. ದಿಕ್ಕು ಒಂದಾಗುವುದು ಇದರ ಫಲವಾಗಿ ತಾನಾಗಿಯೇ ಒದಗುತ್ತದೆ.

ಹಿಂಡು ಒಂಟಿ ಮೀನಿಗೆ ತಿಳಿಯದ್ದನ್ನೂ ತಿಳಿಯಬಲ್ಲದು. ಗೋಲ್ಡನ್ ಶೈನರ್ ಎಂಬ ಮೀನು ನೆರಳನ್ನು ಇಷ್ಟಪಡುತ್ತದೆ, ನೆರಳಲ್ಲಿ ನಿಧಾನವಾಗಿ ಈಜುತ್ತದೆ. ತೊಟ್ಟಿಯ ಮೇಲೆ ಬೆಳಕು–ನೆರಳು ಸರಿದಾಡುವಂತೆ ಮಾಡಿದ 2013ರ ಪ್ರಯೋಗದಲ್ಲಿ ಒಂಟಿ ಮೀನುಗಳಿಗೆ ನೆರಳಿನ ಜಾಡು ಹಿಡಿಯಲು ಆಗಲಿಲ್ಲ. ಗುಂಪು ದೊಡ್ಡದಾದಷ್ಟೂ ಕೆಲಸ ಚೆನ್ನಾಗಿ ನಡೆಯಿತು. ನೆರಳಲ್ಲಿದ್ದವು ನಿಧಾನಿಸಿದವು, ಬೆಳಕಿನಲ್ಲಿದ್ದವು ಬೇಗ ಈಜಿದವು, ಹೀಗಾಗಿ ಇಡೀ ಹಿಂಡೇ ನೆರಳಿನತ್ತ ಹೊರಳಿತು. ಎಲ್ಲಿಗೆ ಹೋಗಬೇಕೆಂದು ಬಲ್ಲ ಕೆಲವೇ ಮೀನುಗಳಿದ್ದರೂ ಉಳಿದವನ್ನು ಕೊಂಡೊಯ್ಯಲು ಸಾಕು, ಅವು ಬಲ್ಲವೆಂಬುದು ಉಳಿದವಕ್ಕೆ ತಿಳಿಯಲೂ ಬೇಕಿಲ್ಲ ಎಂದು ಕಝಿನ್ ಗುಂಪು 2005ರಲ್ಲೇ ಮಾದರಿಯ ಮೂಲಕ ತೋರಿಸಿತ್ತು. ಹಿಂಡಿನ ಮುಂಚೂಣಿಯಲ್ಲಿ ಹೆಚ್ಚಾಗಿ ಇರುವುದು ಹಸಿದ ಮೀನು. ಆಹಾರ ಮೊದಲು ಸಿಗುವುದು ಅಲ್ಲಿ, ಶತ್ರುವಿನ ಬಾಯಿಗೆ ಮೊದಲು ಬೀಳುವುದೂ ಅಲ್ಲಿಯೇ.

ಶತ್ರುವಿನ ಎದುರು

ಹಿಂಡಿನ ಹುಟ್ಟಿಗೆ ಎಲ್ಲಕ್ಕಿಂತ ಬಲವಾದ ಕಾರಣ ಬೇಟೆಗಾರರ ಭಯ. ಇದಕ್ಕೆ ಟ್ರಿನಿಡಾಡ್ ದ್ವೀಪದ ಗಪ್ಪಿ ಮೀನುಗಳೇ ಸಾಕ್ಷಿ. ದೊಡ್ಡ ಬೇಟೆಮೀನುಗಳಿರುವ ತಗ್ಗಿನ ಹೊಳೆಗಳ ಗಪ್ಪಿಗಳು ಒತ್ತೊತ್ತಾಗಿ ಈಜುತ್ತವೆ. ಜಲಪಾತಗಳ ಮೇಲೆ, ಅಂಥ ಶತ್ರುಗಳು ಏರಲಾಗದ ತೊರೆಗಳಲ್ಲಿ, ಅದೇ ಗಪ್ಪಿಗಳು ಚದುರಿಕೊಂಡು ಇರುತ್ತವೆ.

ಗುಂಪಿನಲ್ಲಿದ್ದರೆ ರಕ್ಷಣೆ ಸಿಗುವ ಬಗೆಗಳು ಹಲವು. ದಾಳಿಯೊಂದರಲ್ಲಿ ಬೇಟೆಗಾರ ಹಿಡಿಯುವುದು ಒಂದೆರಡನ್ನು. ಸಾವಿರದಲ್ಲಿ ಒಂದಾಗಿದ್ದರೆ ಸರದಿ ತನ್ನದಾಗುವ ಸಂಭವ ಕಡಿಮೆ. ಪ್ರತಿಯೊಂದು ಪ್ರಾಣಿಯೂ ತನ್ನ ಮತ್ತು ಶತ್ರುವಿನ ನಡುವೆ ಇನ್ನೊಂದು ದೇಹ ಇರಲೆಂದು ಒಳಕ್ಕೆ ನುಗ್ಗುವುದರಿಂದಲೇ ಹಿಂಡು ಬಿಗಿಯಾಗುತ್ತದೆ ಎಂದು ಬ್ರಿಟನ್ನಿನ ಡಬ್ಲ್ಯು.ಡಿ. ಹ್ಯಾಮಿಲ್ಟನ್ 1971ರಲ್ಲಿ ವಾದಿಸಿದರು. ತ್ಯಾಗವೂ ಸಹಕಾರವೂ ಇಲ್ಲದೆ ಬರಿಯ ಸ್ವಾರ್ಥದಿಂದಲೇ ಒಗ್ಗಟ್ಟು ಮೂಡಬಲ್ಲದು ಎಂಬ ಈ ವಿಚಾರ ಜೀವವಿಜ್ಞಾನದಲ್ಲಿ ಗಟ್ಟಿಯಾಗಿ ನೆಲೆಯೂರಿದೆ. ಅದರ ಜೊತೆಗೆ ಗೊಂದಲದ ಲಾಭವಿದೆ. 1986ರಲ್ಲಿ ಲ್ಯಾಂಡೊ ಮತ್ತು ಟೆರ್ಬೋರ್ಗ್ ಬಾಸ್ ಎಂಬ ಬೇಟೆಮೀನಿನ ಮುಂದೆ ಬೆಳ್ಳಿಬಣ್ಣದ ಮಿನ್ನೊಗಳನ್ನು ಬಿಟ್ಟು ನೋಡಿದರು. ಒಂಟಿ ಮಿನ್ನೊ ಬೇಗನೆ ಸಿಕ್ಕಿಬಿತ್ತು. ಗುಂಪು ದೊಡ್ಡದಾದಂತೆ ಬಾಸ್ ಗುರಿ ಹಿಡಿಯಲಾರದೆ ತಡಬಡಾಯಿಸಿತು. ಎಂಟರ ಗುಂಪಿನಲ್ಲಿ ಒಂದೆರಡಕ್ಕೆ ನೀಲಿ ಬಣ್ಣ ಹಚ್ಚಿದೊಡನೆ ರಕ್ಷಣೆ ಕುಸಿಯಿತು. ಸಿಕ್ಕಿದ್ದು ನೀಲಿ ಮೀನುಗಳಷ್ಟೇ ಅಲ್ಲ, ಅವುಗಳ ಜೊತೆಗಿದ್ದ ಬೆಳ್ಳಿ ಮೀನುಗಳೂ ಸಿಕ್ಕವು. ಹಿಂಡಿನ ಮೀನುಗಳು ತಮ್ಮದೇ ಜಾತಿಯ, ತಮ್ಮಷ್ಟೇ ಗಾತ್ರದ ಸಂಗಾತಿಗಳನ್ನು ಆಯ್ದುಕೊಳ್ಳುವುದು ಏಕೆಂದು ಇದರಿಂದ ತಿಳಿಯುತ್ತದೆ.

ಎಚ್ಚರಿಕೆ ಹರಡುವ ವೇಗವೂ ಹಿಂಡಿನ ಆಸ್ತಿ. ಅಂಚಿನ ಮೀನೊಂದು ಬೆದರಿ ಹೊರಳಿದರೆ ಆ ಅಲೆ ಶತ್ರುವಿನ ವೇಗವನ್ನೂ ಮೀರಿ ಹಿಂಡಿನ ಆಚೆಬದಿ ಮುಟ್ಟುತ್ತದೆ. ಮೆಕ್ಸಿಕೊದ ಗಂಧಕದ ಹೊಳೆಗಳಲ್ಲಿ ಬದುಕುವ ಸಲ್ಫರ್ ಮಾಲಿ ಮೀನುಗಳು ಈ ಅಲೆಯನ್ನು ರಕ್ಷಣೆಯ ಆಯುಧವಾಗಿಸಿಕೊಂಡಿವೆ. ಆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ, ಹಾಗಾಗಿ ಲಕ್ಷಗಟ್ಟಲೆ ಪುಟ್ಟ ಮೀನುಗಳು ಮೇಲ್ಪದರದಲ್ಲೇ ಇರಬೇಕು, ಮಿಂಚುಳ್ಳಿಗಳ ಕಣ್ಣಿಗೆ ಬೀಳಲೇಬೇಕು. ಹಕ್ಕಿ ಎರಗಿದಾಗ ಮೀನುಗಳು ಬಾಲದಿಂದ ನೀರು ಬಡಿದು ಮುಳುಗುತ್ತವೆ, ಬಿಳಿಯ ಅಲೆಯೊಂದು ಹೊಳೆಯ ಮೇಲೆ ಹಾಯುತ್ತದೆ. ಅಲ್ಲಿಗೆ ನಿಲ್ಲುವುದಿಲ್ಲ, ಮೂರ್ನಾಲ್ಕು ಸೆಕೆಂಡಿಗೊಮ್ಮೆ ಅಲೆ ಮರುಕಳಿಸುತ್ತದೆ, ಕೆಲವೊಮ್ಮೆ ಎರಡು ನಿಮಿಷದವರೆಗೆ. ಅಲೆಗಳು ಹೆಚ್ಚಿದಷ್ಟೂ ಹಕ್ಕಿ ಮುಂದಿನ ದಾಳಿಗೆ ತಡಮಾಡುತ್ತದೆ ಎಂದು 2022ರ ಅಧ್ಯಯನ ದೃಢಪಡಿಸಿತು.

ಆಹಾರ ಹುಡುಕುವುದರಲ್ಲೂ ಗುಂಪಿನ ಲಾಭ ಸ್ಪಷ್ಟ. ಗೋಲ್ಡ್‌ಫಿಶ್ ಮತ್ತು ಮಿನ್ನೊಗಳ ಮೇಲೆ 1982ರಲ್ಲಿ ನಡೆದ ಪ್ರಯೋಗದಲ್ಲಿ, ಗುಂಪು ದೊಡ್ಡದಾದಷ್ಟೂ ಅಡಗಿಸಿಟ್ಟ ಆಹಾರ ಬೇಗ ಸಿಕ್ಕಿತು. ಖರ್ಚೂ ಇಲ್ಲದಿಲ್ಲ. ಸಿಕ್ಕಿದ್ದನ್ನು ಹಂಚಿಕೊಳ್ಳಬೇಕು, ಪರೋಪಜೀವಿ ಬೇಗ ಹರಡುತ್ತದೆ. ಮುಂದಿನವು ಉಸಿರಾಡಿ ಬಿಟ್ಟ ನೀರೇ ಹಿಂದಿನವಕ್ಕೆ ಸಿಗುತ್ತದೆ. ಮ್ಯಾಕ್‌ಫಾರ್ಲೆಂಡ್ ಮತ್ತು ಮಾಸ್ 1967ರಲ್ಲಿ ಮಲ್ಲೆಟ್ ಮೀನಿನ ಹಿಂಡುಗಳ ಒಳಗೆ ಆಮ್ಲಜನಕ ಅಳೆದು, ಮುಂಬದಿಗಿಂತ ಹಿಂಬದಿಯಲ್ಲಿ ಅದು ಕಡಿಮೆ ಇರುವುದನ್ನು ದಾಖಲಿಸಿದರು.

ಶಕ್ತಿಯ ಉಳಿತಾಯದ ಪ್ರಶ್ನೆ ಐವತ್ತು ವರ್ಷ ಎಳೆದಾಡಿತು. ಮೀನುಗಳು ವಜ್ರಾಕೃತಿಯಲ್ಲಿ ನಿಂತರೆ ಮುಂದಿನವುಗಳ ಬಾಲ ಎಬ್ಬಿಸಿದ ಸುಳಿಗಳು ಹಿಂದಿನವುಗಳಿಗೆ ನೆರವಾಗುತ್ತವೆ ಎಂದು ಡೇನಿಯಲ್ ವೈಸ್ 1973ರಲ್ಲಿ ಲೆಕ್ಕ ಕೊಟ್ಟರು. ಪಾರ್ಟ್ರಿಜ್ ಮತ್ತು ಪಿಚರ್ 1979ರಲ್ಲಿ ನಿಜವಾದ ಹಿಂಡುಗಳನ್ನು ಅಳೆದು, ಮೀನುಗಳು ಆ ಸ್ಥಾನಗಳಲ್ಲಿ ನಿಲ್ಲುವುದೇ ಇಲ್ಲವೆಂದರು. ನಿರ್ಣಾಯಕ ಪುರಾವೆ ಬಂದದ್ದು ಉಸಿರಾಟವನ್ನೇ ಅಳೆದಾಗ. ಹಾರ್ವರ್ಡ್‌ನ ಯಾಂಗ್‌ಫಾನ್ ಝಾಂಗ್ ಮತ್ತು ಜಾರ್ಜ್ ಲಾಡರ್ ಜಯಂಟ್ ಡೇನಿಯೊ ಮೀನುಗಳನ್ನು ಹರಿಯುವ ನೀರಿನ ಕೊಳವೆಯಲ್ಲಿ ಈಜಿಸಿ ಆಮ್ಲಜನಕದ ಬಳಕೆ ಲೆಕ್ಕ ಹಾಕಿದರು. ವೇಗ ಹೆಚ್ಚಿದಾಗ ಹಿಂಡಿನ ಮೀನು ಬಾಲ ಒಮ್ಮೆ ಬೀಸಲು ಒಂಟಿ ಮೀನಿಗಿಂತ ಗರಿಷ್ಠ 56%ರಷ್ಟು ಕಡಿಮೆ ಶಕ್ತಿ ಬಳಸಿತು. 2024ರ ಅಧ್ಯಯನದಲ್ಲಿ ನೀರನ್ನು ಕಲಕಿ ಅಬ್ಬರಗೊಳಿಸಿದಾಗ ಈ ಉಳಿತಾಯ 79%ವರೆಗೆ ಏರಿತು. ಈ ಡೇನಿಯೊದ ಹತ್ತಿರದ ಬಂಧುವಾದ ಮಲಬಾರ್ ಡೇನಿಯೊ ಪಶ್ಚಿಮ ಘಟ್ಟದ ತೊರೆಗಳ ಮೀನು, ಮಳೆಗಾಲದ ಸೆಳವಿನಲ್ಲಿ ಹಿಂಡಾಗಿಯೇ ಬಾಳುತ್ತದೆ.

ಕೋಟಿಗಳ ಕೂಟ

ಹಿಂಡು ಎಷ್ಟು ದೊಡ್ಡದಾಗಬಲ್ಲದೆಂಬುದು ಹಡಗಿನ ಅಡಿಯಲ್ಲಷ್ಟೇ ನೋಡುವ ಸೋನಾರ್ ಎಂಬ ಧ್ವನಿಯಂತ್ರಕ್ಕೆ ಗೊತ್ತಾಗುತ್ತಿರಲಿಲ್ಲ. ಎಂಐಟಿಯ ನಿಕೋಲಸ್ ಮ್ಯಾಕ್ರಿಸ್ ತಂಡ ಸಾವಿರಾರು ಚದರ ಕಿಲೋಮೀಟರ್ ಕಡಲನ್ನು ಒಟ್ಟಿಗೆ ನೋಡಬಲ್ಲ ಧ್ವನಿತಂತ್ರ ಬಳಸಿ, ಅಮೆರಿಕದ ಪೂರ್ವ ಕರಾವಳಿಯ ಜಾರ್ಜಸ್ ಬ್ಯಾಂಕ್‌ನಲ್ಲಿ ಮೊಟ್ಟೆಯಿಡಲು ಬರುವ ಹೆರಿಂಗ್‌ಗಳನ್ನು ಗಮನಿಸಿ 2009ರಲ್ಲಿ ವರದಿ ಮಾಡಿತು. ಹಗಲೆಲ್ಲ ಚದುರಿದ್ದ ಮೀನುಗಳು ಸಂಜೆ ಸಮೀಪಿಸಿದಂತೆ ನಿಧಾನವಾಗಿ ಒತ್ತಾಗುತ್ತವೆ. ಸರಾಸರಿ 5 ಚದರ ಮೀಟರಿಗೆ ಒಂದು ಮೀನು ಎಂಬ ಸಾಂದ್ರತೆ ಮುಟ್ಟಿದ ಕೂಡಲೇ ಒಂದು ಬಿಂದುವಿನಿಂದ ಸರಪಳಿಯಂತೆ ಚಲನೆ ಹಬ್ಬಿ, ಹತ್ತಾರು ನಿಮಿಷಗಳಲ್ಲೇ ಹತ್ತಾರು ಕೋಟಿ ಮೀನುಗಳ, ಸುಮಾರು 40 ಕಿಲೋಮೀಟರ್ ಉದ್ದದ ಹಿಂಡು ಮೈದಾಳುತ್ತದೆ. ಕತ್ತಲಲ್ಲಿ ಅದು ಮೊಟ್ಟೆಯಿಡುವ ಆಳ ಕಡಿಮೆಯ ದಿಬ್ಬಕ್ಕೆ ಸಾಗುತ್ತದೆ.

ಬೇಟೆಗಾರರೂ ಹಿಂಡನ್ನು ಒಡೆಯಲು ಕಲಿತಿದ್ದಾರೆ. ಹಂಪ್‌ಬ್ಯಾಕ್ ತಿಮಿಂಗಿಲಗಳು ಗುಳ್ಳೆಗಳ ಪರದೆ ಎಬ್ಬಿಸಿ ಹೆರಿಂಗ್‌ಗಳನ್ನು ಮೇಲಕ್ಕೆ ಕೂಡಿಹಾಕುತ್ತವೆ. ದಕ್ಷಿಣ ಆಫ್ರಿಕದ ಪೂರ್ವ ತೀರದಲ್ಲಿ ಮೇ–ಜುಲೈ ಹೊತ್ತಿಗೆ ನಡೆಯುವ ಸಾರ್ಡೀನ್ ಮೀನುಗಳ ವಲಸೆಯಲ್ಲಿ ಡಾಲ್ಫಿನ್‌ಗಳು ಹಿಂಡಿನ ತುಣುಕನ್ನು ಕತ್ತರಿಸಿ ಉಂಡೆಗಟ್ಟಿಸುತ್ತವೆ, ಶಾರ್ಕ್, ಗ್ಯಾನೆಟ್ ಹಕ್ಕಿ, ತಿಮಿಂಗಿಲಗಳು ಆ ಉಂಡೆ ಕರಗುವವರೆಗೆ ಬಿಡುವುದಿಲ್ಲ. ತಣ್ಣೀರಿನ ಈ ಸಾರ್ಡೀನ್‌ಗಳು ತಂಪಿನ ಬೆನ್ನು ಹತ್ತಿ ಬಂದು ಬೆಚ್ಚಗಿನ ಕಡಲಲ್ಲಿ ಸಿಕ್ಕಿಬೀಳುತ್ತವೆ, ಈ ವಲಸೆಯಿಂದ ಅವಕ್ಕೆ ಲಾಭವಿಲ್ಲ ಎಂಬುದು 2021ರಲ್ಲಿ ವಂಶವಾಹಿ ಅಧ್ಯಯನದಿಂದ ಬಂದ ತೀರ್ಮಾನ.

ಹಿಂಡು ಮತ್ತು ಬಲೆ

ಕರ್ನಾಟಕದ ಕರಾವಳಿಯಲ್ಲಿ ಹಿಂಡನ್ನು ಗುರುತಿಸುವ ಜ್ಞಾನ ಹಳೆಯದು. ನೀರಿನ ಮೇಲಿನ ಸಣ್ಣ ಕಂಪನ, ಬಣ್ಣದ ಬದಲಾವಣೆ, ಒಂದೇ ಕಡೆ ಎರಗುವ ಹಕ್ಕಿಗಳು, ಅಮಾವಾಸ್ಯೆಯ ರಾತ್ರಿಯಲ್ಲಿ ಮೀನು ಸರಿದಾಗ ಮಿನುಗುವ ಪ್ಲವಕಗಳನ್ನು ನೋಡಿ ಮೊಗವೀರ, ಖಾರ್ವಿ ಮೊದಲಾದ ಮೀನುಗಾರ ಸಮುದಾಯಗಳು ಹಿಂಡಿನ ಇರವನ್ನು ಅರಿಯುತ್ತಿದ್ದವು. ಮುಂಗಾರಿನಲ್ಲಿ ಆಳದ ತಣ್ಣೀರು ಪೋಷಕಾಂಶಗಳೊಡನೆ ಮೇಲೆದ್ದು ಸಸ್ಯಪ್ಲವಕ ಹುಲುಸಾಗುತ್ತದೆ. ಅದನ್ನು ಸೋಸಿ ತಿನ್ನಲು ಬೂತಾಯಿ, ಬಂಗುಡೆಗಳ ಹಿಂಡುಗಳು ತೀರಕ್ಕೆ ಬರುತ್ತವೆ. ರಂಪಣಿ ಬಲೆಯ ಕಾಲದಲ್ಲಿ ಹಿಂಡು ದಡದ ಸಮೀಪ ಬರುವವರೆಗೆ ಕಾಯಬೇಕಿತ್ತು. ದೋಣಿಯಲ್ಲಿ ಬಲೆ ಕೊಂಡೊಯ್ದು ಅರ್ಧವೃತ್ತದಲ್ಲಿ ಹರಡಿ, ಊರ ಜನ ಸೇರಿ ದಡಕ್ಕೆ ಎಳೆದು, ಮೀನನ್ನು ಪಾಲು ಹಾಕಿಕೊಳ್ಳುತ್ತಿದ್ದರು. ದೂರದಲ್ಲಿದ್ದ ಹಿಂಡು ಉಳಿದುಕೊಳ್ಳುತ್ತಿತ್ತು.

1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಕಾಯುವಿಕೆ ಮುಗಿಯಿತು. ಹಿಂಡಿನ ಸುತ್ತ ಬಲೆಯ ಗೋಡೆ ಕಟ್ಟಿ, ಅಡಿಯಂಚಿನ ಬಳೆಗಳಲ್ಲಿ ಹಾದ ಹಗ್ಗವನ್ನು ಎಳೆದರೆ, ಎಲೆಅಡಿಕೆ ಸಂಚಿಯ ದಾರ ಎಳೆದಂತೆ ತಳ ಮುಚ್ಚಿಕೊಳ್ಳುತ್ತದೆ. ಬೆದರಿದ ಮೀನು ಚದುರುವ ಬದಲು ಇನ್ನಷ್ಟು ಒತ್ತಾಗುತ್ತದೆ. ಟ್ಯೂನಾದ ಎದುರು ಜೀವ ಉಳಿಸುವ ಆ ನಡೆ ಇಲ್ಲಿ ಇಡೀ ಹಿಂಡನ್ನೇ ಸೆರೆಗೆ ದೂಡುತ್ತದೆ. ಪರ್ಸೀನ್ ಬಂದ ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆಗುಂಪಾದವು. ಈಗ ಹಿಂಡನ್ನು ಹುಡುಕಲು ಸೋನಾರ್ ಇದೆ. ಪ್ರಖರ ದೀಪ ಬೆಳಗಿ ಮೀನನ್ನು ಸೆಳೆಯುವ ಲೈಟ್ ಫಿಶಿಂಗನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದೆ.

ಹಿಂಡುಮೀನಿನ ವಿಚಾರದಲ್ಲಿ ಬಲೆ ತುಂಬಿದ್ದನ್ನು ನೋಡಿ ಕಡಲು ತುಂಬಿದೆ ಎನ್ನುವುದು ಅಪಾಯಕಾರಿ ತಪ್ಪು. ಸಂಖ್ಯೆ ಕುಸಿದಾಗ ಉಳಿದವು ಚದುರುವುದಿಲ್ಲ, ಕೆಲವೇ ಜಾಗಗಳಲ್ಲಿ ಒತ್ತಾಗಿ ಸೇರುತ್ತವೆ. ಹಾಗಾಗಿ ಬಲೆಗೆ ಬೀಳುವ ಮೀನು ಕೊನೆಯವರೆಗೂ ಹೇರಳವಾಗಿಯೇ ಇರುತ್ತದೆ. ಕೆನಡದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕಾಡ್ ಮೀನಿಗೆ ಆದದ್ದು ಇದೇ. ಸಂತತಿ ಇಳಿಯುತ್ತಿದ್ದಾಗಲೂ ಬೋಟುಗಳಿಗೆ ಸಿಗುವ ಮೀನು ಇಳಿಯಲಿಲ್ಲ. 1992ರ ಜುಲೈನಲ್ಲಿ ಸರ್ಕಾರ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು, ಸುಮಾರು 30,000 ಜನ ಕೆಲಸ ಕಳೆದುಕೊಂಡರು. ನಮ್ಮ ಬೂತಾಯಿಯ ಏರಿಳಿತಕ್ಕೆ ಮಳೆ, ಕಡಲಿನ ಉಷ್ಣತೆ, ಎಲ್ ನಿನೊ ಕೂಡ ಕಾರಣ, ಮೀನುಗಾರಿಕೆಯೊಂದನ್ನೇ ದೂರಲಾಗದು. ಆದರೂ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 4,000 ಟನ್ನಿಗೂ ಕೆಳಗಿಳಿದದ್ದನ್ನು ಕಂಡ ಮೇಲೆ ಮರಿಗಳನ್ನು ಹಿಡಿಯುವುದಕ್ಕೆ ಸಮರ್ಥನೆ ಉಳಿಯದು.

ಬೂತಾಯಿ ಒಂದು ವರ್ಷದ ಹೊತ್ತಿಗೆ ಸುಮಾರು 15 ಸೆಂ.ಮೀ. ಬೆಳೆದು ಮೊದಲ ಸಲ ಮೊಟ್ಟೆಯಿಡಲು ಅಣಿಯಾಗುತ್ತದೆ. ಕೇರಳ ಸರ್ಕಾರ 10 ಸೆಂ.ಮೀ.ಗಿಂತ ಚಿಕ್ಕ ಬೂತಾಯಿ ಮತ್ತು 14 ಸೆಂ.ಮೀ.ಗಿಂತ ಚಿಕ್ಕ ಬಂಗುಡೆ ಹಿಡಿಯುವುದನ್ನು ನಿಷೇಧಿಸಿದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ ಇದೆ. ರಜೆ ಮುಗಿದ ಮೇಲೆ ಪೇಟೆಗೆ ಬರುವ ಬುಟ್ಟಿಯಲ್ಲಿ ಬೆರಳುದ್ದದ ಬೂತಾಯಿ ಕಂಡರೆ ಕೊಳ್ಳದಿರುವುದು ಮೀನು ತಿನ್ನುವ ಪ್ರತಿಯೊಬ್ಬರಿಂದಲೂ ಸಾಧ್ಯ, ದಯವಿಟ್ಟು ಕೊಳ್ಳಬೇಡಿ.